ನೆತ್ತಿಯ ಮೇಲಿನ ರೋಹಿಣಿ

ಸಂಕ್ರಾಂತಿಯ ಹೊತ್ತಿಗೆ ಸಮೀರವಾಡಿಯಲ್ಲಿ ಕಬ್ಬು ನುರಿಸುವ ಹಂಗಾಮು ಭರದಲ್ಲಿರುತ್ತದೆ. ಸಕ್ಕರೆ ಕಾರ್ಖಾನೆಯ ಚಿಮಣಿಗೆ ಹಗಲು ರಾತ್ರಿಯ ಭೇದವಿಲ್ಲ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಹೊಲಗಳಿಂದ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತ ಬರುತ್ತವೆ. ಅವುಗಳ ನಡುವೆ ಗೆಜ್ಜೆ ಕಟ್ಟಿದ ಎತ್ತಿನ ಚಕ್ಕಡಿಗಳೂ ಉಂಟು. ಗಾಳಿಯ ತುಂಬ ಕಾಕಂಬಿಯ ವಾಸನೆ. ಸರದಿ ಬರುವ ತನಕ ಹೇರಿನ ಮೇಲೆಯೇ ಕಂಬಳಿ ಹೊದ್ದು ಅಂಗಾತ ಮಲಗುವವರು ಹಲವರು. ಹಾಗೆ ಮಲಗಿದವನು ರಾತ್ರಿ ಒಂಬತ್ತೂವರೆಗೆ ಕಣ್ಣು ತೆರೆದರೆ, ತಲೆಯನ್ನು ಅತ್ತಿತ್ತ ಹೊರಳಿಸದೆಯೇ, ನೇರ ಮೇಲೆ ಕಿತ್ತಳೆ ಬಣ್ಣದ ಒಂದು ಚುಕ್ಕಿ ಕಾಣುತ್ತದೆ. ಅದು ರೋಹಿಣಿ.

ನೇರ ಮೇಲೆ ಎಂಬುದು ಇಲ್ಲಿ ಬರಿಯ ಮಾತಲ್ಲ, ಅಳತೆ. ನೆಲದ ಮೇಲೆ ಊರುಗಳಿಗೆ ಅಕ್ಷಾಂಶ ಇರುವಂತೆ ಆಕಾಶದಲ್ಲಿ ನಕ್ಷತ್ರಗಳಿಗೂ ಅಂಥದೇ ಒಂದು ಲೆಕ್ಕವಿದೆ. ಖಗೋಳಜ್ಞರು ಅದನ್ನು ಘಂಟಾವೃತ್ತಾಂಶ ಎನ್ನುತ್ತಾರೆ. ಊರಿನ ಅಕ್ಷಾಂಶವೂ ನಕ್ಷತ್ರದ ಈ ಅಂಶವೂ ಒಂದೇ ಆದರೆ ಆ ನಕ್ಷತ್ರ ದಿನಕ್ಕೊಮ್ಮೆ ಆ ಊರಿನ ನಡುನೆತ್ತಿಯನ್ನು ದಾಟಿ ಹೋಗುತ್ತದೆ. ರೋಹಿಣಿಯದು ಸುಮಾರು 16 ಅಂಶ (ಡಿಗ್ರಿ) 33 ಕಲೆ (ನಿಮಿಷ). ಜಮಖಂಡಿಯ ಅಕ್ಷಾಂಶ 16 ಅಂಶ 30 ಕಲೆ. ರಬಕವಿ-ಬನಹಟ್ಟಿ, ಮಹಾಲಿಂಗಪುರ, ಬೀಳಗಿ, ಮುಧೋಳ ಎಲ್ಲವೂ ಅದಕ್ಕಿಂತ ಕೆಲವೇ ಕಲೆ ತೆಂಕಣಕ್ಕೆ. ವ್ಯತ್ಯಾಸ ಎಲ್ಲಿಯೂ ಹುಣ್ಣಿಮೆ ಚಂದ್ರನ ಅರ್ಧ ಅಗಲವನ್ನು ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ನಿಂತವರಿಗೆ ರೋಹಿಣಿ ನೆತ್ತಿಯಿಂದ ಮೂರೂವರೆ ಅಂಶ ಬಡಗಣಕ್ಕೆ ವಾಲಿರುತ್ತದೆ. ದಿಲ್ಲಿಯಲ್ಲಿ ಹನ್ನೆರಡು ಅಂಶ ತೆಂಕಣಕ್ಕೆ. ಜಮಖಂಡಿ ಸೀಮೆಯಲ್ಲಿ ಮಾತ್ರ ಗೌಂಡಿ ತೂಗುಗುಂಡು ಇಳಿಬಿಟ್ಟ ದಾರವನ್ನು ಮೇಲಕ್ಕೆ ಎಳೆದುಕೊಂಡು ಹೋದಂತೆ, ದಾರದ ತುದಿಗೆ ರೋಹಿಣಿ.

ವಿಚಿತ್ರವೆಂದರೆ ಈ ಸೀಮೆಯವರಿಗೆ ರೋಹಿಣಿಯ ಹೆಸರು ಬಾಯಲ್ಲಿದೆ, ಮುಖದ ಗುರುತಿಲ್ಲ.

ಹೆಸರು ಬಾಯಲ್ಲಿರುವುದಕ್ಕೆ ಕಾರಣ ಮಳೆ. ಒಕ್ಕಲುತನದವರು ಮಳೆಗಾಲವನ್ನು ಜೂನ್, ಜುಲೈ ಎಂದು ಎಣಿಸುವುದಿಲ್ಲ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು ಎಂದು ಎಣಿಸುತ್ತಾರೆ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮಳೆ ಹುಟ್ಟುವುದು ಮೇ 25ರ ಆಸುಪಾಸಿನಲ್ಲಿ, ಮುಗಿಯುವುದು ಜೂನ್ 8ರ ಸುಮಾರಿಗೆ. ಕೂರಿಗೆ ಹೊರಬೀಳುವುದು, ಹೆಸರು ಬಿತ್ತಲು ಎರೆಹೊಲ ಹದವಾಗುವುದು ಆಗಲೇ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹುಟ್ಟಿದ್ದು ಆ ಹದಿನಾಲ್ಕು ದಿನಗಳ ಮೇಲಿನ ಆಸೆಯಿಂದ.

ಆದರೆ ರೋಹಿಣಿ ಮಳೆ ಎಂದರೆ ಸೂರ್ಯ ರೋಹಿಣಿ ನಕ್ಷತ್ರದಲ್ಲಿರುವ ಕಾಲ. ಸೂರ್ಯ ಎಲ್ಲಿದ್ದಾನೋ ಆ ನಕ್ಷತ್ರ ಅವನ ಜತೆಗೇ ಮೂಡಿ ಅವನ ಜತೆಗೇ ಮುಳುಗುತ್ತದೆ; ಹಗಲ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಅಂದರೆ ರೈತ ರೋಹಿಣಿ, ರೋಹಿಣಿ ಎಂದು ಹತ್ತು ಬಾರಿ ಹೆಸರು ಹಿಡಿಯುವ ದಿನಗಳಲ್ಲೇ ರೋಹಿಣಿ ಕಣ್ಣಿಗೆ ಬೀಳುವುದಿಲ್ಲ. ಅದು ಚೆನ್ನಾಗಿ ಕಾಣುವ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಮಳೆಯ ಮಾತಿಲ್ಲ; ಎಲ್ಲರ ಗಮನವೂ ಕಬ್ಬಿನ ಗ್ಯಾಂಗು ಯಾವಾಗ ಬರುತ್ತದೆ, ಹೊಲ ಯಾವಾಗ ಖಾಲಿಯಾಗುತ್ತದೆ ಎಂಬುದರ ಮೇಲೆ.

ಇದೇ ಲೆಕ್ಕ ಸ್ವಾತಿಗೂ ಹೊಂದುತ್ತದೆ. ಸ್ವಾತಿ ಮಳೆ ಅಕ್ಟೋಬರ್ 24ರಿಂದ ನವೆಂಬರ್ 6ರ ಸುಮಾರಿಗೆ ಬರುತ್ತದೆ. ಹಿಂಗಾರಿ ಬಿಳಿಜೋಳ ಮೊಳೆತು ನಿಂತ ಹೊಲಕ್ಕೆ ಅದು ಕೊನೆಯ ಆಸರೆ. ಆ ಹನಿ ಸಿಂಪಿಗೆ ಬಿದ್ದರೆ ಮುತ್ತಾಗುತ್ತದೆ ಎಂಬ ನಂಬಿಕೆಯೂ ಹಳೆಯದು. ಮಳೆಯ ಪಂಚಾಂಗದಲ್ಲಿ ಮುಂಗಾರಿನ ತಲೆಬಾಗಿಲಿಗೆ ರೋಹಿಣಿ, ಹಿಂಗಾರಿನ ಹಿತ್ತಿಲ ಬಾಗಿಲಿಗೆ ಸ್ವಾತಿ. ಆಕಾಶದಲ್ಲಿ ಇವೆರಡೂ ಹೆಚ್ಚು ಕಡಿಮೆ ಎದುರುಬದುರು. ರೋಹಿಣಿ ಮಳೆಯ ದಿನಗಳಲ್ಲಿ ರಾತ್ರಿ ಹತ್ತಕ್ಕೆ ನೆತ್ತಿಯ ಹತ್ತಿರ ಹೊಳೆಯುವುದು ಸ್ವಾತಿ. ಸ್ವಾತಿ ಮಳೆಯ ದಿನಗಳಲ್ಲಿ ರಾತ್ರಿ ಎಂಟೂವರೆಯ ಒಳಗೆ ಮೂಡಣದಲ್ಲಿ ಮೇಲೇರುವುದು ರೋಹಿಣಿ. ಒಂದರ ಹೆಸರಿನಲ್ಲಿ ಮಳೆ ಸುರಿಯುವಾಗ ಇನ್ನೊಂದು ಕಾವಲಿಗೆ ನಿಂತಿರುತ್ತದೆ.

ಎರಡಕ್ಕೂ ಇನ್ನೊಂದು ನಂಟಿದೆ. ಎರಡೂ ಕಿತ್ತಳೆ ಬಣ್ಣದ ದೈತ್ಯ ನಕ್ಷತ್ರಗಳು. ಎರಡೂ ಯೌವನ ಕಳೆದವು.

ರೋಹಿಣಿ ಎಂಬ ಹೆಸರೇ ಬಣ್ಣದಿಂದ ಬಂದದ್ದು: ಕೆಂಪನೆಯವಳು. ರೋಹಿತ ಎಂದರೆ ಕೆಂಪು. ಅದೇ ಪದವನ್ನು ಕನ್ನಡದ ವಿಜ್ಞಾನ ಲೇಖಕರು ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣಗಳ ಪಟ್ಟಿಗೆ ಇಟ್ಟುಕೊಂಡರು. ಹಾಗಾಗಿ ಕನ್ನಡದಲ್ಲಿ ರೋಹಿಣಿಯ ರೋಹಿತ ಎಂದು ಹೇಳಬಹುದು. ಆ ರೋಹಿತವನ್ನು ಮೊದಲು ಕೂಲಂಕಷವಾಗಿ ಓದಿದವನು ಇಂಗ್ಲೆಂಡಿನ ವಿಲಿಯಂ ಹಗಿನ್ಸ್. 1864ರಲ್ಲಿ ಅವನು ರೋಹಿಣಿಯ ಬೆಳಕಿನಲ್ಲಿ ಕಬ್ಬಿಣ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ಒಂಬತ್ತು ಮೂಲವಸ್ತುಗಳ ಗುರುತು ಹಿಡಿದ. ನೇಗಿಲ ಕುಳದಲ್ಲಿರುವ ಕಬ್ಬಿಣ, ಅಡುಗೆ ಉಪ್ಪಿನಲ್ಲಿರುವ ಸೋಡಿಯಂ, ಗೋಡೆಗೆ ಬಳಿಯುವ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಅಷ್ಟು ದೂರದಲ್ಲೂ ಇವೆ ಎಂದು ಗೊತ್ತಾದದ್ದು ಹೀಗೆ.

ಬಣ್ಣ ಕಾವಿನ ಅಳತೆಗೋಲು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಮತ್ತಷ್ಟು ಕಾದರೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಿಳಿ. ಸೂರ್ಯನ ಮೇಲ್ಮೈ 5,500 ಡಿಗ್ರಿ ಸೆಲ್ಸಿಯಸ್ ಕಾವಿನದು. ಸ್ವಾತಿಯದು ಸುಮಾರು 4,000, ರೋಹಿಣಿಯದು 3,600. ಅಂದರೆ ರೋಹಿಣಿ ಸೂರ್ಯನಿಗಿಂತ ತಣ್ಣನೆಯ ನಕ್ಷತ್ರ. ಆದರೂ ಸೂರ್ಯನಿಗಿಂತ ನಾನೂರು ಪಟ್ಟಿಗೂ ಹೆಚ್ಚು ಬೆಳಕು ಸುರಿಸುತ್ತದೆ. ಕೆಂಡ ತಣ್ಣಗಾಗಿದ್ದರೂ ಬೆಳಕು ಹೆಚ್ಚಿದೆ ಎಂದರೆ ಕೆಂಡದ ರಾಶಿ ದೊಡ್ಡದಿರಬೇಕು. ಹೌದು, ರೋಹಿಣಿಯ ಅಡ್ಡಗಲ ಸೂರ್ಯನ 44 ಪಟ್ಟು, ಸುಮಾರು ಆರು ಕೋಟಿ ಕಿಲೋಮೀಟರು. ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ, ಕೈಯನ್ನು ಉದ್ದಕ್ಕೆ ಚಾಚಿ ಬೆರಳಗಲಿಸಿದರೆ ಆಗುವ ಗೇಣಿಗಿಂತ ತುಸು ದೊಡ್ಡದಾಗಿ ಆಕಾಶದಲ್ಲಿ ಕಂಡೀತು. ಇಷ್ಟು ದೊಡ್ಡದಾದರೂ ತೂಕದಲ್ಲಿ ಅದು ಸೂರ್ಯನಿಗಿಂತ ತುಸುವೇ ಹೆಚ್ಚು. ಮೈ ಉಬ್ಬಿದೆ, ಸರಕು ಹೆಚ್ಚಿಲ್ಲ.

ಉಬ್ಬಿದ್ದು ಏಕೆ? ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಇಟ್ಟದ್ದನ್ನು ಈ ಭಾಗದವರೆಲ್ಲ ನೋಡಿದ್ದಾರೆ. ಹೊಲದ ನಡುವೆ ಹೊತ್ತಿದ ಬೆಂಕಿ ನಡುವಿನ ರವದಿಯನ್ನು ತಿಂದು ಮುಗಿಸುತ್ತದೆ. ನಡುವೆ ಬೂದಿ ಉಳಿದು ಬೆಂಕಿ ಬಳೆಯಂತೆ ಸುತ್ತ ಹರಡುತ್ತದೆ. ನಕ್ಷತ್ರದ ಹೊಟ್ಟೆಯಲ್ಲೂ ನಡೆಯುವುದು ಹೆಚ್ಚು ಕಡಿಮೆ ಇದೇ. ಅಲ್ಲಿಯ ಉರುವಲು ಹೈಡ್ರೋಜನ್; ಅದು ಬೆಸೆದುಕೊಂಡು ಹೀಲಿಯಂ ಆಗುತ್ತದೆ, ಆ ಬೆಸುಗೆಯಿಂದ ಬೆಳಕು, ಕಾವು. ಹೀಲಿಯಂ ಇಲ್ಲಿಯ ಬೂದಿ. ನೂರಾರು ಕೋಟಿ ವರ್ಷ ಉರಿದ ಮೇಲೆ ನಡುವಿನ ಹೈಡ್ರೋಜನ್ ತೀರಿ ಹೀಲಿಯಂ ತಿರುಳು ಉಳಿಯುತ್ತದೆ. ಬೆಂಕಿ ಅದರ ಸುತ್ತಲಿನ ಪದರಕ್ಕೆ ಹತ್ತುತ್ತದೆ. ಹೊಲದ ಬೂದಿ ಸುಮ್ಮನೆ ಬಿದ್ದಿರುತ್ತದೆ. ನಕ್ಷತ್ರದ ಬೂದಿ ಹಾಗಲ್ಲ, ಅದು ತನ್ನ ಭಾರಕ್ಕೆ ತಾನೇ ಕುಗ್ಗುತ್ತ ಕಾಯುತ್ತದೆ. ಆ ಕಾವಿಗೆ ಸುತ್ತಲಿನ ಪದರದ ಉರಿ ಮೊದಲಿಗಿಂತ ಜೋರಾಗುತ್ತದೆ, ಹೊರಗಿನ ಮೈ ಉಬ್ಬುತ್ತದೆ, ಉಬ್ಬಿದ್ದಕ್ಕೇ ಮೇಲ್ಮೈ ತಣಿದು ಕಿತ್ತಳೆಗೆ ತಿರುಗುತ್ತದೆ.

ಸೂರ್ಯನಿಗೂ ಸುಮಾರು 500 ಕೋಟಿ ವರ್ಷಗಳ ಬಳಿಕ ಇದೇ ಗತಿ. ಆಮೇಲೆ ಹೀಲಿಯಂ ತಾನೇ ಉರಿದು ಇಂಗಾಲವಾಗುವ ಹಂತ. ಕೊನೆಗೆ ಹೊರಪದರಗಳು ಚದುರಿ ನಡುವೆ ಶ್ವೇತಕುಬ್ಜ ಎಂಬ ಪುಟ್ಟ ಕೆಂಡ ಉಳಿಯುವುದು.

ಈ ಹೀಲಿಯಂ ಎಂಬ ಬೂದಿಯ ಪತ್ತೆಯ ಕಥೆಯಲ್ಲಿ ಜಮಖಂಡಿಯ ಹೆಸರೂ ಇದೆ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಚಂದ್ರನ ನೆರಳಿನ ಪಟ್ಟಿ ಭಾರತವನ್ನು ಪಡುವಣದಿಂದ ಮೂಡಣಕ್ಕೆ ಸೀಳಿಕೊಂಡು ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಬ್ರಿಟಿಷರ ಮೇಜರ್ ಟೆನೆಂಟ್ ದೂರದರ್ಶಕ ಹೂಡಿದರು. ಮಚಲಿಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಪಾಗ್ಸನ್. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಗೆ ಬಂದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ, ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಅಧಿಕಾರಿ. ಲಂಡನ್ನಿನ ರಾಯಲ್ ಸೊಸೈಟಿ ಅವನ ಕೈಗೆ ರೋಹಿತದರ್ಶಕ ಕೊಟ್ಟಿತ್ತು.

ಶ್ರಾವಣದ ಮೋಡದ ದಿನಗಳು. ಮೋಡ ಸರಿದ ಹೊತ್ತನ್ನೇ ಹಿಡಿದು ಹರ್ಷೆಲ್ ಉಪಕರಣವನ್ನು ಸೂರ್ಯನ ಅಂಚಿನ ಜ್ವಾಲೆಗೆ ತಿರುಗಿಸಿದ. ಮೂರು ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಅಖಂಡ ಬಣ್ಣದ ಪಟ್ಟಿಯ ಬದಲು ಬಿಡಿ ಗೆರೆಗಳು ಕಂಡದ್ದರಿಂದ ಆ ಜ್ವಾಲೆಗಳು ಉರಿಯುವ ಅನಿಲ ಎಂಬುದು ಖಚಿತವಾಯಿತು. ಕೆಂಪು, ನೀಲಿ ಗೆರೆಗಳು ಹೈಡ್ರೋಜನ್ನಿನವು. ಕಿತ್ತಳೆಯ ಗೆರೆ ಸೋಡಿಯಂನದೇ ಎಂದು ಹರ್ಷೆಲ್ ತೀರ್ಮಾನಿಸಿದ. ಅವನು ತಪ್ಪಿದ್ದು ಅಲ್ಲಿ. ಸೋಡಿಯಂ ಗೆರೆಯ ಒತ್ತಿಗೇ ಇದ್ದರೂ ಅದು ಸೋಡಿಯಂ ಅಲ್ಲ ಎಂದು ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಗುರುತಿಸಿದ. ಭೂಮಿಯ ಮೇಲೆ ಯಾರೂ ಕಂಡಿರದ ಆ ವಸ್ತುವಿಗೆ ಗ್ರೀಕರ ಸೂರ್ಯದೇವನ ಹೆಸರು ಬಂತು: ಹೀಲಿಯಂ. ನೆಲದ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆಯ ಪ್ರಯೋಗಾಲಯದಲ್ಲಿ. ಇಂದು ರೋಹಿಣಿಯ ತಿರುಳಿನಲ್ಲಿ ತುಂಬಿರುವುದು ಅದೇ ವಸ್ತು. ಅದರ ಗೆರೆಯನ್ನು ಮೊದಲು ಕಂಡ ಬೆರಳೆಣಿಕೆಯ ಕಣ್ಣುಗಳಲ್ಲಿ ಒಂದು ಜೋಡಿ ರೋಹಿಣಿಯ ಹಾದಿಯ ಕೆಳಗಿನ ಜಮಖಂಡಿಯಲ್ಲಿತ್ತು.

ಶಾಸ್ತ್ರಕ್ಕಿಂತ ಮುಂಚೆ ಕಥೆ ಇತ್ತು. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಚಂದ್ರ ಮದುವೆಯಾದ. ರೋಹಿಣಿಯ ಮನೆಯಲ್ಲೇ ಉಳಿದುಬಿಟ್ಟ. ಉಳಿದವರು ತವರಿಗೆ ಹೋಗಿ ದೂರಿದರು. ಮಾವ ಅಳಿಯನಿಗೆ ಕ್ಷಯವಾಗಲೆಂದು ಶಪಿಸಿದ. ಈ ಪಕ್ಷಪಾತಕ್ಕೆ ಆಕಾಶದಲ್ಲಿ ಆಧಾರವಿದೆ. ಚಂದ್ರನ ದಾರಿಯಲ್ಲಿ ಸಿಕ್ಕು ಅವನ ಹಿಂದೆ ಪೂರ್ತಿ ಮರೆಯಾಗಬಲ್ಲ ಪ್ರಖರ ನಕ್ಷತ್ರಗಳು ನಾಲ್ಕೇ: ರೋಹಿಣಿ, ಮಖಾ, ಚಿತ್ತಾ, ಜ್ಯೇಷ್ಠಾ. ಅವುಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಹೊಳೆಯುವುದು ರೋಹಿಣಿ. ಚಂದ್ರನ ದಾರಿ 18.6 ವರ್ಷಗಳಿಗೊಮ್ಮೆ ತೂಗಿ ಮರಳುತ್ತದೆ. ಹಾಗೆ ತೂಗುವಾಗ ಕೆಲವು ವರ್ಷ ಅವನು ತಿಂಗಳು ತಿಂಗಳೂ ತಪ್ಪದೆ ರೋಹಿಣಿಯನ್ನು ಮರೆಮಾಡುತ್ತಾನೆ. 2015ರ ಜನವರಿಯಿಂದ 2018ರ ಸೆಪ್ಟೆಂಬರ್ ತನಕ ಹೀಗೆ 49 ಸಲ ಆಯಿತು, ಒಂದೊಂದು ಸಲ ಭೂಮಿಯ ಒಂದೊಂದು ಭಾಗದಿಂದ ಕಾಣುವಂತೆ. ಮುಂದಿನ ಸರಣಿ ಶುರುವಾಗುವುದು 2033ರಲ್ಲಿ.

ಚಕ್ಕಡಿಯ ನಾಡಿನವರಿಗೆ ಹತ್ತಿರವಾಗುವ ಇನ್ನೊಂದು ಕಲ್ಪನೆ ಹಳೆಯ ಜ್ಯೋತಿಷ ಗ್ರಂಥಗಳಲ್ಲಿದೆ. ರೋಹಿಣಿಯ ಪಕ್ಕದ ಮಸುಕು ಚುಕ್ಕಿಗಳನ್ನು ಸೇರಿಸಿದರೆ ಬಂಡಿಯ ಆಕಾರ ಬರುತ್ತದೆ; ಅದೇ ರೋಹಿಣೀ ಶಕಟ. ಶನಿ ಈ ಬಂಡಿಯನ್ನು ಒಡೆದರೆ ಲೋಕಕ್ಕೆ ಕೇಡು ಎಂಬ ನಂಬಿಕೆ ಇತ್ತು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ರೋಹಿಣೀಯೋಗ, ಸ್ವಾತಿಯೋಗ ಎಂದು ಎರಡು ಅಧ್ಯಾಯಗಳನ್ನೇ ಬರೆದಿದ್ದಾನೆ. ಚಂದ್ರ ಈ ನಕ್ಷತ್ರಗಳನ್ನು ಕೂಡುವಾಗ ಮಳೆಯ ಲಕ್ಷಣ ನೋಡುವುದು ಹೇಗೆಂಬುದೇ ಅವುಗಳ ವಿಷಯ. ಮಳೆಗೂ ಈ ಎರಡು ಕಿತ್ತಳೆ ಚುಕ್ಕಿಗಳಿಗೂ ಗಂಟು ಬಿದ್ದು ಹದಿನೈದು ಶತಮಾನಗಳಾದರೂ ಆಗಿವೆ ಎಂದಾಯಿತು. ಹಾಗೆಂದು ರೋಹಿಣಿಯ ಬೆಳಕಿನಿಂದ ಮೋಡ ಕಟ್ಟುವುದಿಲ್ಲ. ಆ ಹೆಸರು ವರ್ಷದ ದಿನ ಎಣಿಸುವ ಗುರುತು ಮಾತ್ರ. ಬಂಡಿಯ ಚುಕ್ಕಿಗಳೂ ರೋಹಿಣಿಯ ಒಡನಾಡಿಗಳಲ್ಲ. ಅವು 150 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರಗುಚ್ಛ. ರೋಹಿಣಿ ಅವುಗಳಿಗೆ ಅಡ್ಡ ನಿಂತ ದಾರಿಹೋಕ. ಇರುವುದು 65 ಜ್ಯೋತಿರ್ವರ್ಷದ ಆಚೆ.

65 ಜ್ಯೋತಿರ್ವರ್ಷ ಎಂದರೆ ಇಂದು ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟು ಸುಮಾರು 65 ವರ್ಷವಾಯಿತು. ಅದು ಹೊರಟಾಗ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿ; ಅವರ ಅಧಿಕಾರದ ಅವಧಿ 1958ರಿಂದ 1962. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಇನ್ನೂ ಬಂದಿರಲಿಲ್ಲ. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿರಲಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅದನ್ನಿಟ್ಟದ್ದು 1964ರಲ್ಲಿ. ಸ್ವಾತಿ ಇನ್ನೂ ಹತ್ತಿರ, 37 ಜ್ಯೋತಿರ್ವರ್ಷ. 1933ರಲ್ಲಿ ಅಮೆರಿಕದ ಶಿಕಾಗೋ ನಗರದ ದೊಡ್ಡ ಪ್ರದರ್ಶನದ ದೀಪಗಳನ್ನು ಹೊತ್ತಿಸಿದ್ದು ಸ್ವಾತಿಯ ಬೆಳಕಿನಿಂದಲೇ: ದೂರದರ್ಶಕದಲ್ಲಿ ಆ ಬೆಳಕನ್ನು ಹಿಡಿದು ವಿದ್ಯುತ್ಕೋಶದ ಮೇಲೆ ಬೀಳಿಸಿ ಗುಂಡಿ ಒತ್ತಿಸಿದರು. ಅದೇ ನಗರದ 1893ರ ಪ್ರದರ್ಶನದ ಕಾಲಕ್ಕೆ ಹೊರಟ ಬೆಳಕು ಈಗ ಬಂದಿದೆ ಎಂಬ ಲೆಕ್ಕ ಅವರದು. ಸ್ವಾತಿಯ ದೂರ ಆಗ 40 ಜ್ಯೋತಿರ್ವರ್ಷ ಎಂದೇ ಎಣಿಕೆಯಿತ್ತು.

ಮನುಷ್ಯ ಮಾಡಿದ ವಸ್ತುವೊಂದು ರೋಹಿಣಿ ಇರುವ ದಿಕ್ಕಿಗೆ ಹೊರಟಿದೆ. 1972ರ ಮಾರ್ಚಿನಲ್ಲಿ ಅಮೆರಿಕ ಹಾರಿಸಿದ ಪಯೋನಿಯರ್ 10 ನೌಕೆ ಗುರುಗ್ರಹವನ್ನು ನೋಡಿ ಸೌರವ್ಯೂಹದ ಹೊರಹಾದಿ ಹಿಡಿಯಿತು. ಅದರ ಕೊನೆಯ ಕ್ಷೀಣ ಸಂಕೇತ ಕೇಳಿಸಿದ್ದು 2003ರ ಜನವರಿಯಲ್ಲಿ. ರೋಹಿಣಿಯ ದೂರವನ್ನು ಅದು ಕ್ರಮಿಸಲು 20 ಲಕ್ಷ ವರ್ಷ ಬೇಕು.

ರೋಹಿಣಿಯೂ ಜಮಖಂಡಿಯೂ ಹೀಗೆ ಒಂದೇ ನೇರದಲ್ಲಿ ಇರುವುದು ಎಂದೆಂದಿಗೂ ಅಲ್ಲ. ತಿರುಗುವ ಬುಗುರಿ ತೂಗಾಡುವಂತೆ ಭೂಮಿಯ ಅಚ್ಚು ಮೆಲ್ಲನೆ ತೂಗುತ್ತದೆ. ಅದರಿಂದ ರೋಹಿಣಿಯ ನೆತ್ತಿಗೆರೆ ವರ್ಷಕ್ಕೆ ಇನ್ನೂರು ಮೀಟರಿಗಿಂತ ತುಸು ಹೆಚ್ಚು ಬಡಗಣಕ್ಕೆ ಸರಿಯುತ್ತಿದೆ. ಮುಧೋಳದ ರನ್ನ ಕಾವ್ಯ ಬರೆಯುತ್ತಿದ್ದ ಹತ್ತನೆಯ ಶತಮಾನದ ಕೊನೆಯಲ್ಲಿ ಅವನ ಹುಟ್ಟೂರಿನ ಮೇಲೆ ರೋಹಿಣಿ ಸುಮಾರು ಐದು ಚಂದ್ರರ ಅಗಲದಷ್ಟು ತೆಂಕಣಕ್ಕೆ ಹಾದುಹೋಗುತ್ತಿತ್ತು. ಸುಮಾರು ನೂರು ವರ್ಷದ ಹಿಂದೆ ಆ ಗೆರೆ ಮುಧೋಳದ ಮೇಲಿತ್ತು. ಆಮೇಲೆ ಸಮೀರವಾಡಿಯ ನೆಲವನ್ನು ದಾಟಿತು. ಈಗ ಜಮಖಂಡಿ ಪಟ್ಟಣದ ಬಡಗಣಕ್ಕೆ, ಕೃಷ್ಣೆಯ ಕಡೆಗೆ ಐದಾರು ಕಿಲೋಮೀಟರು ಸರಿದಿದೆ. ಬರಿಗಣ್ಣಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಇಂದಿನ ಮಕ್ಕಳು ಮುದುಕರಾಗುವ ತನಕವೂ ರೋಹಿಣಿ ಈ ಸೀಮೆಯ ನೆತ್ತಿಯ ಮೇಲೆಯೇ.

ಗುರುತು ಹಿಡಿಯುವುದು ಸುಲಭ. ಮೃಗಶಿರದ ಬೇಟೆಗಾರನ ನಡುಪಟ್ಟಿಯಲ್ಲಿ ಸಾಲಾಗಿ ನಿಂತ ಮೂರು ಚುಕ್ಕಿಗಳು ಎಲ್ಲರಿಗೂ ಗೊತ್ತು. ಆ ಸಾಲನ್ನು ಒಂದು ಕಡೆಗೆ ಎಳೆದರೆ ಆಕಾಶದ ಅತಿ ಪ್ರಖರ ನಕ್ಷತ್ರ ಲುಬ್ಧಕ. ಇನ್ನೊಂದು ಕಡೆಗೆ, ಬಡಗಣ ಪಡುವಣದತ್ತ ಎಳೆದರೆ ರೋಹಿಣಿ. ಅದನ್ನೂ ದಾಟಿ ಮುಂದೆ ಹೋದರೆ ಪುಟ್ಟ ಗೊಂಚಲಿನಂತಿರುವ ಕೃತ್ತಿಕೆ. ಅರಬ್ಬರು ರೋಹಿಣಿಗೆ ಅಲ್ದೆಬರಾನ್ ಎಂದರು. ಕೃತ್ತಿಕೆಯನ್ನು ಹಿಂಬಾಲಿಸುವವನು ಎಂದು ಅದರ ಅರ್ಥ.

ಕಾರ್ಖಾನೆಯ ದೀಪಗಳಿಂದ ಅರ್ಧ ಮೈಲಿ ದೂರ ಹೊಲದ ಬದುವಿಗೆ ಹೋದರೆ ಸಾಕು, ದುರ್ಬೀನು ಬೇಕಿಲ್ಲ. ಡಿಸೆಂಬರ್ 1ರಂದು ನಡುರಾತ್ರಿ ಹನ್ನೆರಡೂವರೆಗೆ, ಹೊಸ ವರ್ಷದ ದಿನ ಹತ್ತೂವರೆಗೆ, ಸಂಕ್ರಾಂತಿಗೆ ಒಂಬತ್ತೂವರೆಗೆ, ಫೆಬ್ರವರಿ 10ರ ಸುಮಾರಿಗೆ ರಾತ್ರಿ ಎಂಟರ ಒಳಗೆ ರೋಹಿಣಿ ನಡುನೆತ್ತಿಗೆ ಬರುತ್ತದೆ. ಏಪ್ರಿಲ್ ಕೊನೆಗೆ ಮುಸ್ಸಂಜೆಯ ಪಡುವಣಕ್ಕೆ ಇಳಿದಿರುತ್ತದೆ. ಮೇ 25ಕ್ಕೆ ಅದರ ಹೆಸರಿನ ಮಳೆ ಹುಟ್ಟುವಾಗ ಆಕಾಶದಲ್ಲಿ ಹುಡುಕಿದರೂ ಸಿಗುವುದಿಲ್ಲ. ನೋಡುವವರು ಅದಕ್ಕೆ ಮೊದಲೇ ನೋಡಬೇಕು.